ಮುಂಬೈದಾಗ ಎಲ್ಲಿ ಇಳಕೋತೀವ್ರಿ ಸರ?

ದೀಪಾವಳಿ ಸೂಟಿ ಮುಗಿಯಿತೆಂದರೆ ನಮ್ಮ ಶಾಲೆಗಳಲ್ಲಿ ಸಹಲಿನ ಮಾತು ಶುರು. (ಸಹಲು ಅಂದರೆ ಶೈಕ್ಷಣಿಕ ಪ್ರವಾಸ. ಆಚೆ ಕಡೆಯ ಓದುಗರಿಗೆ ಈ ಮರಾಠಿ ಮಾತು ಹೊಸದಿರಬಹುದು, ನಮ್ಮ ಮಕ್ಕಳಿಗೆ ‘ಪ್ರವಾಸ’ ಅನ್ನುವುದೇ ಹೊಸದು.) ಸಾಮಾನ್ಯವಾಗಿ ನಮ್ಮ ಸಹಲು ವಿಜಯಪುರದ ಗೋಳಗುಮ್ಮಟಕ್ಕೋ ಬಾದಾಮಿ ಐಹೊಳೆಗೋ ಹೋಗಿ ಬರುವುದು. ಒಂದು ವರ್ಷ ಮಾತ್ರ ಮಕ್ಕಳು ಹಟ ಹಿಡಿದರು. ‘ಸರ, ಸಮುದ್ರ ನೋಡಬೇಕ್ರಿ’ ಅಂದರು. ಬರಗಾಲದ ತಾಲೂಕಿನ ಮಕ್ಕಳು, ನೀರು ನೋಡುವ ಆಸೆ ತಪ್ಪೇನಲ್ಲ. ಮುಂಬೈ ಅಂತ ನಿಕ್ಕಿಯಾಯಿತು.

ಪಾಲಕರ ಸಭೆ ಕರೆದೆವು. ಎಷ್ಟು ರೊಕ್ಕ, ಎಷ್ಟು ದಿನ, ಯಾರು ಯಾರು ಬರುತ್ತಾರೆ ಎಂಬ ಪ್ರಶ್ನೆಗಳೆಲ್ಲ ಮುಗಿದವು. ಎಲ್ಲರೂ ಎದ್ದು ಹೊರಟಾಗ ಹಿಂದೆ ಕುಳಿತಿದ್ದ ಒಬ್ಬ ತಾಯಿ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು: ‘ಸರ, ಮುಂಬೈದಾಗ ಎಲ್ಲಿ ಇಳಕೋತೀರಿ? ಅಲ್ಲಿ ಬರಕೊಳ್ಳುವಾಗ ಅಡ್ಡಹೆಸರು ಕೇಳ್ತಾರೇನ್ರಿ?’

ಅವರು ಯಾಕೆ ಕೇಳಿದರು ಅಂತ ನನಗೆ ತಿಳಿಯಿತು. ನಿಮಗೂ ತಿಳಿದಿರಬೇಕು. ‘ಈಗ ಹಂಗೇನಿಲ್ರಿ ಅಕ್ಕಾ, ಚಿಂತಿ ಮಾಡಬ್ಯಾಡ್ರಿ’ ಅಂದೆ. ಅವರು ತಲೆ ಆಡಿಸಿದರು. ಆದರೆ ನಂಬಿದ ಹಾಗೆ ಕಾಣಲಿಲ್ಲ. ಆ ರಾತ್ರಿ ನಾನು ಲಾಡ್ಜುಗಳ ದರ ನೋಡುವುದು ಬಿಟ್ಟು, ನಮ್ಮ ಜನ ಆ ಬಂದರಿನ ಊರಿಗೆ ಹೋದಾಗಲೆಲ್ಲ ಎಲ್ಲಿ ಮಲಗಿದರು ಅಂತ ಯೋಚಿಸುತ್ತ ಕುಳಿತೆ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಮೊದಲು ಒಂದು ಮಾತಿನ ವಿಚಾರ. ತರಗತಿಯಲ್ಲಿ ‘ಮುಂಬೈಯ ಹೋಟೆಲಿನಲ್ಲಿ ಉಳಿಯುತ್ತೇವೆ’ ಅಂದಾಗ ಐದನೆಯ ಈಯತ್ತೆಯ ಹುಡುಗನೊಬ್ಬ ನಕ್ಕ. ‘ಹೋಟೆಲ್‌ದಾಗ ಯಾರ್ ಮಲಗ್ತಾರ್ರಿ ಸರ? ಟೇಬಲ್ ಮ್ಯಾಲೇನ್ರಿ?’ ಅಂದ. ಅವನದೇ ಸರಿ. ನಮ್ಮಲ್ಲಿ ಹೋಟೆಲ್ ಅಂದರೆ ಚಹಾ, ಭಜಿ, ಊಟ. ಮಲಗಲು ಇರುವುದು ಲಾಡ್ಜು. ಇಂಗ್ಲಿಷರು ಒಂದೇ ಮಾತಿನಲ್ಲಿ ಕಟ್ಟಿಕೊಟ್ಟದ್ದನ್ನು ನಾವು ಬಿಚ್ಚಿ ಎರಡು ಮಾಡಿಕೊಂಡೆವು. ಅದಕ್ಕೆ ಕಾರಣವೂ ಇದೆ. ಅನ್ನ ಯಾರ ಕೈಯದು, ಹಾಸಿಗೆ ಯಾರ ಪಕ್ಕದ್ದು ಎಂಬ ಎರಡು ಪ್ರಶ್ನೆ ನಮ್ಮ ಸಮಾಜಕ್ಕೆ ಬೇರೆ ಬೇರೆಯಾಗಿಯೇ ಕಾಡಿದವು. ಇನ್ನು ರಾತ್ರಿ ಉಳಿಯುವುದಕ್ಕೆ ನಮ್ಮಲ್ಲಿ ಎಷ್ಟು ಮಾತುಗಳು ನೋಡಿ: ಇಳಕೊಳ್ಳುವುದು, ತಂಗುವುದು, ಬಿಡಾರ ಹೂಡುವುದು, ವಸ್ತಿ ಮಾಡುವುದು, ಮುಕ್ಕಾಮು ಮಾಡುವುದು. ರಾತ್ರಿ ಊರಲ್ಲೇ ನಿಂತು ನಸುಕಿನಲ್ಲಿ ಹೊರಡುವ ಎಸ್.ಟಿ.ಗೆ ನಾವು ಈಗಲೂ ‘ವಸ್ತಿ ಗಾಡಿ’ ಅನ್ನುತ್ತೇವೆ, ಮರಾಠಿಯವರು ‘ಮುಕ್ಕಾಮಿ’ ಅನ್ನುತ್ತಾರೆ. ಛತ್ರ, ಧರ್ಮಶಾಲೆ, ಮಠ, ಚಾವಡಿ, ಮುಸಾಫಿರಖಾನೆ ಇವೆಲ್ಲ ಆ ವಸ್ತಿಯ ಜಾಗಗಳು.

ಗುಡ್ಡಾಪುರದವರಿಗೆ ಅತಿಥಿಗಳನ್ನು ಇಳಿಸಿಕೊಳ್ಳುವುದು ಹೊಸದಲ್ಲ. ಛಟ್ಟಿ ಅಮಾವಾಸ್ಯೆಗೆ ದಾನಮ್ಮದೇವಿಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಸೋಲಾಪುರದ ಕಡೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ದಾರಿಯುದ್ದಕ್ಕೂ ಹೊಲದ ಅಂಚಿನಲ್ಲಿ, ಶಾಲೆಯ ಅಂಗಳದಲ್ಲಿ, ಮನೆಯ ಪಡಸಾಲೆಯಲ್ಲಿ ಅವರಿಗೆ ರೊಟ್ಟಿ, ನೀರು, ಹಾಸಿಗೆ ಸಿಗುತ್ತದೆ. ಜೋಳದ ರಾಶಿ ಬರಲಿ ಬಾರದಿರಲಿ, ಇದು ನಿಂತಿಲ್ಲ. ಹಾಗಾಗಿ ದುಡ್ಡು ಕೊಟ್ಟು ಮಲಗುವುದು ನಮ್ಮ ಹಿರಿಯರಿಗೆ ವಿಚಿತ್ರ ಅನ್ನಿಸುತ್ತಿತ್ತು. ‘ಕಣ್ಣ ಮುಚ್ಚೋದಕ್ಕ ಎಂಥಾ ರೊಕ್ಕ?’ ಅಂತ ನಮ್ಮ ಅಜ್ಜಿ ಕೇಳುತ್ತಿದ್ದಳು.

ಬಂದರುಗಳ ಕಡೆ ಬರೋಣ. ಕನ್ನಡ ಕರಾವಳಿಯ ಬಂದರಿನಲ್ಲಿ ತಂಗಿದ್ದರ ಬಗ್ಗೆ ಬರೆದಿಟ್ಟ ಪರದೇಶಿಗಳಲ್ಲಿ ನನಗೆ ತುಂಬ ಇಷ್ಟವಾದವನು ಇಬ್ನ್ ಬತೂತ. ಮೊರಾಕ್ಕೋದಿಂದ ಹೊರಟ ಈ ಪ್ರವಾಸಿ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ, ಬಾರಕೂರು ಮಂಗಳೂರು ನೋಡುತ್ತ ಕೇರಳಕ್ಕೆ ಹೋದ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಅಂತ ಬರೆದಿದ್ದಾನೆ. (ಮಾಸ್ತರನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಕ್ಷಮಿಸಿ.) ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೊಂದು ಮರದ ಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು ಇದ್ದುದನ್ನೂ ಹೇಳುತ್ತಾನೆ. ಯಾವ ಧರ್ಮದವನಾದರೂ ಅಲ್ಲಿ ಕೂರಬಹುದಿತ್ತು. ಆದರೆ ನೀರು? ಹಿಂದೂ ಪ್ರವಾಸಿಗೆ ಪಾತ್ರೆಯಲ್ಲಿ, ಮುಸಲ್ಮಾನನಿಗೆ ಬೊಗಸೆಗೆ ಎತ್ತಿ ಸುರಿದು. ರಾತ್ರಿ ಉಳಿಯಲು ಮುಸಲ್ಮಾನರಿಗೆ ಪ್ರತಿ ನಿಲುಗಡೆಯಲ್ಲೂ ಅವರದೇ ಜನರ ಮನೆಗಳಿದ್ದವಂತೆ.

ಅಂದರೆ ನೆರಳು ಎಲ್ಲರಿಗೂ ಇತ್ತು, ತಂಬಿಗೆ ಎಲ್ಲರಿಗೂ ಇರಲಿಲ್ಲ. ಆ ತಾಯಿ ಕೇಳಿದ ಪ್ರಶ್ನೆಯ ವಯಸ್ಸು ಎಷ್ಟು ಅಂತ ಲೆಕ್ಕ ಹಾಕಿಕೊಳ್ಳಿ.

ಮುಂಬೈ ನಮಗೆ ಹತ್ತಿರವಾದದ್ದು ರೈಲಿನಿಂದ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಗಾಡಿ ಓಡಿತು. 1860ರಲ್ಲಿ ಹಳಿ ಸೋಲಾಪುರ ಮುಟ್ಟಿತು, 1863ರಲ್ಲಿ ಬೋರಘಾಟದ ಕೆಲಸ ಮುಗಿದು ಮುಂಬೈಗೆ ನೇರ ದಾರಿಯಾಯಿತು. 1880ರ ದಶಕದಲ್ಲಿ ಹೋಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಒಂದು ಲೈನು, ಪುಣೆಯಿಂದ ಮಿರಜದ ಮೇಲೆ ಬೆಳಗಾವಿ ಕಡೆಗೆ ಇನ್ನೊಂದು ಲೈನು ಬಂತು. ಜತ್ ಸಂಸ್ಥಾನದವರು ಎತ್ತಿನ ಗಾಡಿ ಕಟ್ಟಿಕೊಂಡು ಸೋಲಾಪುರಕ್ಕೋ ಮಿರಜಕ್ಕೋ ಹೋಗಿ ರೈಲು ಹಿಡಿಯಬೇಕು. ಬಾರ್ಶಿ ಲೈಟ್ ರೇಲ್ವೆಯ ಸಣ್ಣ ಗಾಡಿ 1927ರಲ್ಲಿ ಮಿರಜಕ್ಕೆ ಬಂದಾಗ ‘ಜತ್ ರೋಡ್’ ಎಂಬ ಸ್ಟೇಶನ್ನೂ ಆಯಿತು. ಹೆಸರಿನಲ್ಲಿ ರೋಡ್ ಅಂತ ಇದ್ದರೆ ಊರು ದೂರ ಇದೆ ಅಂತಲೇ ಅರ್ಥ, ಅದು ಎಲ್ಲರಿಗೂ ಗೊತ್ತು. ಮಿರಜದ ದಾರಿ ಬಹುಕಾಲ ಮೀಟರ್ ಗೇಜು. ಪುಣೆಯಲ್ಲಿ ಇಳಿದು ಗಂಟುಮೂಟೆ ಹೊತ್ತು ಬೇರೆ ಗಾಡಿ ಏರಬೇಕಿತ್ತು.

ಯಾಕೆ ಹೋಗುತ್ತಿದ್ದರು? ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ನಾಲ್ಕೂ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬೈಗೆ ಸೇರಿದವು. ನಮ್ಮ ಜತ್ ಕೂಡ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ದೊಡ್ಡ ಕೋರ್ಟು ಅಲ್ಲಿ, ವಿಶ್ವವಿದ್ಯಾಲಯ (1857) ಅಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಪದವಿ ಬೇಕೆಂದರೆ ಪುಣೆ ಇಲ್ಲವೆ ಮುಂಬೈ. ಇವೆಲ್ಲಕ್ಕಿಂತ ದೊಡ್ಡ ಕಾರಣ ಹೊಟ್ಟೆ. 1876ರಿಂದ 78ರವರೆಗಿನ ಬರ, 1896ರ ಬರ, 1972ರ ಬರ... ಪ್ರತಿ ಬರಕ್ಕೂ ನಮ್ಮ ಕಡೆಯಿಂದ ಜನ ಹೊರಟರು. ಗಿರಣಿ ಕಟ್ಟಡಗಳಿಗೆ, ಬಂದರಿನ ಗೋದಿಗಳಿಗೆ ಆಳು ಬೇಕಿತ್ತು.

ಬೋರಿಬಂದರದಲ್ಲಿ ಇಳಿದವನ ಮುಂದೆ ಆಯ್ಕೆಗಳಿದ್ದವು, ಕಾಗದದ ಮೇಲೆ. 1871ರಲ್ಲಿ ಬಾಗಿಲು ತೆರೆದ ವಾಟ್ಸನ್ ಹೋಟೆಲು ಇತ್ತು. ಅದರ ಕಬ್ಬಿಣದ ಅಸ್ಥಿಪಂಜರವನ್ನೇ ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದು ಜೋಡಿಸಿದ್ದರು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಸಿನೆಮಾ ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲೇ. ಅದು ಬಿಳಿಯರ ಜಾಗ. ಅಲ್ಲಿ ಜಮ್ಶೆಟ್‌ಜಿ ಟಾಟಾರನ್ನು ಒಳಗೆ ಬಿಡಲಿಲ್ಲ, ಆ ಸಿಟ್ಟಿಗೆ ತಾಜ್ ಕಟ್ಟಿಸಿದರು ಎಂಬ ಕತೆ ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಈ ಕತೆಗೆ ಗಟ್ಟಿ ಆಧಾರವಿಲ್ಲ ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ, ನಾನೂ ಈಗ ಹೇಳುವುದು ಬಿಟ್ಟಿದ್ದೇನೆ. ತಾಜ್ 1903ರ ಡಿಸೆಂಬರ್ 16ರಂದು ತೆರೆಯಿತು ಎಂಬುದಂತೂ ನಿಜ. ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ ನೋಡಿ: ತಾಜ್ ಮೊದಲೋ, ಗೇಟ್‌ವೇ ಆಫ್ ಇಂಡಿಯಾ ಮೊದಲೋ? ಎಲ್ಲರೂ ತಪ್ಪು ಹೇಳುತ್ತಾರೆ. ಗೇಟ್‌ವೇ ಮುಗಿದದ್ದು 1924ರಲ್ಲಿ.

ಹಡಗಿನವರಿಗೆ 1870ರ ದಶಕದಲ್ಲಿ ಕಟ್ಟಿದ ರಾಯಲ್ ಆಲ್ಫ್ರೆಡ್ ಸೇಲರ್ಸ್ ಹೋಮ್ ಇತ್ತು. ನಾವಿಕರು ಮಲಗುತ್ತಿದ್ದ ಆ ಕಟ್ಟಡ 1928ರಿಂದ ಮುಂಬೈ ಶಾಸನಸಭೆಯಾಯಿತು. ನಮ್ಮ ನೆರೆಯ ಜಮಖಂಡಿಯ ಬಿ.ಡಿ. ಜತ್ತಿಯವರು ಮುಂದೆ ಮೈಸೂರಿನ ಮುಖ್ಯಮಂತ್ರಿ, ದೇಶದ ಉಪರಾಷ್ಟ್ರಪತಿ ಆಗುವ ಮೊದಲು ಮುಂಬೈ ಶಾಸಕರಾಗಿ ಕುಳಿತದ್ದು ಅಲ್ಲಿಯೇ. ಈಗ ಅದು ರಾಜ್ಯ ಪೊಲೀಸರ ಮುಖ್ಯ ಕಚೇರಿ. ಹಜ್‌ಗೆ ಹೋಗುವವರಿಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಹಾಜಿ ಸಾಬೂ ಸಿದ್ದೀಕ್ ಮುಸಾಫಿರಖಾನೆ. ವಿಜಯಪುರ, ಕಲಬುರಗಿ ಕಡೆಯ ಯಾತ್ರಿಕರೂ ಮುಂಬೈ ಬಂದರಿನಿಂದಲೇ ಹಡಗು ಹತ್ತುತ್ತಿದ್ದರು. ಆ ಹಡಗಿನ ಯಾತ್ರೆ 1995ಕ್ಕೆ ನಿಂತಿತು. ಜೈನರಿಗೆ ಸಿ.ಪಿ. ಟ್ಯಾಂಕ್ ಹತ್ತಿರ ಹೀರಾಬಾಗ್ ಧರ್ಮಶಾಲೆ, ವೈಷ್ಣವರಿಗೆ ಮಾಧವಬಾಗ್. ಕ್ರಾಫರ್ಡ್ ಮಾರ್ಕೆಟ್ ಎದುರಿನ ಸರದಾರ ಗೃಹ ಮಧ್ಯಮ ವರ್ಗದ ಹಿಂದೂಗಳ ಲಾಡ್ಜು. ಲೋಕಮಾನ್ಯ ಟಿಳಕರು ಮುಂಬೈಗೆ ಬಂದಾಗ ಅಲ್ಲೇ ಇಳಿಯುತ್ತಿದ್ದರು, 1920ರ ಆಗಸ್ಟ್ 1ರಂದು ಕೊನೆಯುಸಿರೆಳೆದದ್ದೂ ಅಲ್ಲೇ. 1885ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಪುಣೆಯಲ್ಲಿ ಆಗಬೇಕಿತ್ತು, ಕಾಲರಾ ಬಂದು ಮುಂಬೈಗೆ ಬಂತು. 72 ಪ್ರತಿನಿಧಿಗಳ ಸಭೆಗೂ ಬಿಡಾರಕ್ಕೂ ಜಾಗ ಕೊಟ್ಟದ್ದು ಒಂದು ಶಾಲೆ, ಗೋಕುಲದಾಸ ತೇಜಪಾಲ ಸಂಸ್ಕೃತ ಪಾಠಶಾಲೆ.

ಪಟ್ಟಿ ಉದ್ದವಾಯಿತು. ಗಮನಿಸಿದಿರಾ? ಪ್ರತಿ ಬಾಗಿಲಿನ ಮೇಲೆ ಒಂದು ಗುಂಪಿನ ಹೆಸರಿದೆ. ಬಂದರಿಗೆ ಲೋಕದ ಜನವೆಲ್ಲ ಬಂದರು, ರಾತ್ರಿಯಾದೊಡನೆ ತಮ್ಮ ತಮ್ಮವರ ಮಾಡಿನ ಕೆಳಗೆ ಸರಿದರು.

ಇವರಾರೂ ಅಲ್ಲದ ಬಡವನೇನು ಮಾಡಿದ? ಊರವರ ಖೋಲಿ ಹುಡುಕಿದ. ಗಿರಣಗಾಂವಿನ ಚಾಳುಗಳಲ್ಲಿ ಒಂದೊಂದು ಊರಿನ ಗಂಡಸರು ಸೇರಿ ಒಂದೊಂದು ಖೋಲಿ ಹಿಡಿಯುತ್ತಿದ್ದರು. ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗುವುದು. ಟ್ರಂಕು ಗೋಡೆಗೆ, ಮೈ ವರಾಂಡಕ್ಕೆ. ಊಟ ಖಾನಾವಳಿಯಲ್ಲಿ. ಆ ಖಾನಾವಳಿಗಳನ್ನು ನಡೆಸಿದವರು ಬಹುತೇಕ ಹೆಂಗಸರು. ಸಾಲದ ಸುಳಿಯಿಂದ ಅವರನ್ನು ಬಿಡಿಸಲು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ನಮ್ಮ ಪಠ್ಯಪುಸ್ತಕದಲ್ಲಿ ಗಿರಣಿ ಮಾಲೀಕರ ಹೆಸರಿರುತ್ತದೆ, ಗಿರಣಿ ನಡೆಸಿದವರಿಗೆ ರೊಟ್ಟಿ ಬಡಿದವರ ಹೆಸರಿರುವುದಿಲ್ಲ.

ಈಗ ಐದನೆಯ ಈಯತ್ತೆಯ ಆ ಹುಡುಗನ ಪ್ರಶ್ನೆಗೆ ಮರಳುತ್ತೇನೆ. ‘ಟೇಬಲ್ ಮ್ಯಾಲೆ ಮಲಗ್ತಾರೇನ್ರಿ?’

ಹೌದು, ಮಲಗುತ್ತಿದ್ದರು. ಮುಂಬೈಯ ಹೋಟೆಲಿನಲ್ಲಿ ನಿಜವಾಗಿ ‘ಉಳಿದ’ ಕನ್ನಡಿಗರೆಂದರೆ ಗಿರಾಕಿಗಳಲ್ಲ, ಆಳುಗಳು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ತುಳುನಾಡಿನ ಹುಡುಗರು ಮಂಗಳೂರಿನ ಬಂದರಿನಿಂದ ಹಡಗು ಹತ್ತಿ ಮುಂಬೈ ಧಕ್ಕೆಯಲ್ಲಿ ಇಳಿಯತೊಡಗಿದರು. ಹತ್ತು ಹನ್ನೆರಡು ವರ್ಷದ ಹುಡುಗರು. ಪರಿಚಯದವರ ಹೋಟೆಲು ಸೇರಿದರೆ ಊಟ ಅಲ್ಲೇ, ಮಲಗುವುದೂ ಅಲ್ಲೇ. ರಾತ್ರಿ ಷಟರ್ ಎಳೆದ ಮೇಲೆ ನೆಲ ತೊಳೆದು, ಟೇಬಲ್ ಜೋಡಿಸಿ, ಮೇಲೊಂದು ಚಾದರ. ನಸುಕಿನಲ್ಲಿ ಹಾಲಿನವನು ಬಾಗಿಲು ಬಡಿಯುವ ಮೊದಲು ಏಳಬೇಕು. ಮಾಟುಂಗಾದಲ್ಲಿ 1942ರಲ್ಲಿ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ ಎ. ರಾಮ ನಾಯಕರೂ ಹಾಗೆ ಬಾಲಕನಾಗಿ ಬಂದು ಪಾತ್ರೆ ತೊಳೆದವರೇ. (ಅಲ್ಲಿ ಬೋರ್ಡಿಂಗ್ ಅಂದರೆ ಊಟ ಮಾತ್ರ. ಹಾಸಿಗೆ ಹುಡುಕಿಕೊಂಡು ಹೋದರೆ ಬಾಳೆಲೆ ಸಿಗುತ್ತದೆ!)

ಆ ಹುಡುಗರಿಗಾಗಿ ಹುಟ್ಟಿದ್ದು ಮುಂಬೈಯ ಕನ್ನಡ ರಾತ್ರಿ ಶಾಲೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಸ್ಥಾಪನೆಯಾಯಿತು, 1908ರಲ್ಲಿ ಅದು ರಾತ್ರಿ ಶಾಲೆ ತೆರೆಯಿತು. ಮುಂದೆ ಬೇರೆ ಬೇರೆ ಸಂಘಗಳವರೂ ಕೋಟೆ ಪ್ರದೇಶದಲ್ಲಿ, ಉಪನಗರಗಳಲ್ಲಿ ತೆರೆದರು. ಹಗಲೆಲ್ಲ ಕಪ್ಪು-ಬಸಿ ತೊಳೆದ ಕೈ ಸಂಜೆ ಬಳಪ ಹಿಡಿಯಿತು. ಅಲ್ಲಿ ಕಲಿತು ವಕೀಲರಾದವರು, ಬ್ಯಾಂಕ್ ಸೇರಿದವರು, ಬರಹಗಾರರಾದವರು ಇದ್ದಾರೆ. ನಾವು ಕನ್ನಡ ಮಾಧ್ಯಮದ ಮಾಸ್ತರರು ಮಕ್ಕಳ ಸಂಖ್ಯೆ ಕಡಿಮೆ ಅಂತ ದಿನವೂ ಕೊರಗುವವರು, ಆ ಶಾಲೆಗಳ ಮಾಸ್ತರರನ್ನು ಒಮ್ಮೆ ನೆನೆಯಬೇಕು. ಪಾಠ ಕೇಳುವವನು ನಿದ್ದೆ ತೂಗುತ್ತಿದ್ದರೆ ಬೈಯುವುದು ಹೇಗೆ ಹೇಳಿ? 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಿಕೊಳ್ಳುವುದು ಕಾನೂನಿನಲ್ಲಿ ಅಪರಾಧವಾಯಿತು. ಒಳ್ಳೆಯದೇ ಆಯಿತು.

ನಮ್ಮ ಪಕ್ಕದ ಊರಿನ ಹಿರಿಯರೊಬ್ಬರು 1972ರ ಬರದಲ್ಲಿ ಹೀಗೆ ಹೋದವರು. ಗಂಗಾಳ ಹಿಡಿದು ಖಡಿ ಒಡೆಯಲು ಹೋಗುವ ಬದಲು ದಾದರಿನ ಹೋಟೆಲು ಸೇರಿದರು. ‘ಮುಂಬೈ ಹೆಂಗಿತ್ರಿ ಕಾಕಾ?’ ಅಂದರೆ, ‘ನಾ ನೋಡಿಲ್ಲಪಾ. ಹೋಟೆಲ್ ಒಳಗ ಇದ್ನಿ’ ಅನ್ನುತ್ತಾರೆ. ನಾಲ್ಕು ವರ್ಷ ಇದ್ದು ಸಮುದ್ರ ನೋಡಿದ್ದು ಎರಡೇ ಸಲ.

ಆ ತಾಯಿಯ ಪ್ರಶ್ನೆ ಇನ್ನೂ ಬಾಕಿ ಇದೆ. ಅದಕ್ಕೆ ಉತ್ತರ ಕೊಡಲು ನಾನು ಮಿರಜ ಲೈನಿನ ಒಂದು ಸಣ್ಣ ಸ್ಟೇಶನ್ನಿಗೆ ಹೋಗಬೇಕು. ಹೆಸರು ಮಸೂರು. ಪುಣೆಗೆ ಹೋಗುವಾಗ ಕರಾಡ ದಾಟಿದ ಮೇಲೆ ಬರುತ್ತದೆ.

1901ರ ಬೇಸಿಗೆ. ಸಾತಾರೆಯಿಂದ ನಾಲ್ಕು ಮಕ್ಕಳು ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಬಂದು ಆ ಸ್ಟೇಶನ್ನಿನಲ್ಲಿ ಇಳಿದರು. ಖಟಾವ ತಾಲೂಕಿನ ಗೋರೆಗಾಂವಿನಲ್ಲಿ ಬರಗಾಲದ ಕೆರೆ ಕೆಲಸ ನಡೆದಿತ್ತು, ತಂದೆ ಅಲ್ಲಿ ಖಜಾನೆ ಕೆಲಸದಲ್ಲಿದ್ದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ, ಕಾಗದ ತಲುಪಿರಲಿಲ್ಲ. ಮಕ್ಕಳ ಚೆಂದದ ಬಟ್ಟೆ ನೋಡಿ ಸ್ಟೇಶನ್ ಮಾಸ್ತರ ಅಕ್ಕರೆಯಿಂದ ಮಾತಾಡಿಸಿದ. ಮಹಾರರು ಅಂತ ತಿಳಿದೊಡನೆ ದೂರ ಸರಿದ. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ದುಪ್ಪಟ್ಟು, ಗಾಡಿ ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇತ್ತು, ಕುಡಿಯಲು ನೀರಿಲ್ಲ. ರಾತ್ರಿ ಟೋಲ್ ನಾಕೆಯ ಹತ್ತಿರ ಗಾಡಿ ನಿಂತಿತು. ಒಂಬತ್ತು ವರ್ಷದ ಹುಡುಗ ಜಾತಿ ಮುಚ್ಚಿಟ್ಟು, ಉರ್ದುವಿನಲ್ಲಿ ಮಾತಾಡಿ ನೀರು ಕೇಳಿದ. ಅಲ್ಲೂ ಸಿಗಲಿಲ್ಲ. ನೀರು ಇಲ್ಲದೆ ಅನ್ನವೂ ಇಳಿಯದೆ ನಾಲ್ವರೂ ಹಸಿದು ಮಲಗಿದರು.

ಆ ಹುಡುಗ ಭೀಮರಾವ ಅಂಬೇಡ್ಕರ್. ದೊಡ್ಡವರಾಗಿ ತಮ್ಮ ನೆನಪಿನ ಬರಹದಲ್ಲಿ ಇದನ್ನು ಅವರೇ ಹೇಳಿಕೊಂಡಿದ್ದಾರೆ. 1917ರಲ್ಲಿ ಅಮೆರಿಕ, ಲಂಡನ್ ಓದಿನ ನಂತರ ಬಡೋದೆಯ ನೌಕರಿಗೆ ಹೋದಾಗ ಹಿಂದೂ ಹೋಟೆಲು ಯಾವುದೂ ಇಳಿಸಿಕೊಳ್ಳುವುದಿಲ್ಲ ಅಂತ ಗೊತ್ತಿದ್ದು ಪಾರ್ಸಿಗಳ ವಸತಿಗೃಹಕ್ಕೆ ಹೋದರು. ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆದು ಕೆಲ ದಿನ ಅಲ್ಲಿದ್ದರು. ಒಂದು ಬೆಳಿಗ್ಗೆ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಊರಲ್ಲಿ ಯಾವ ಗೆಳೆಯನ ಮನೆಯೂ ಸಿಗಲಿಲ್ಲ. ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿಯ ರೈಲಿಗೆ ಮುಂಬೈಗೆ ಮರಳಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರಿಗೆ ಇಡೀ ಬಡೋದೆಯಲ್ಲಿ ಒಂದು ಮಂಚ ಸಿಗಲಿಲ್ಲ.

‘ರಿಜಿಸ್ಟರಿನಲ್ಲಿ ಅಡ್ಡಹೆಸರು ಕೇಳ್ತಾರೇನ್ರಿ?’ ಎಂಬ ಮಾತಿನ ಹಿಂದೆ ಇಷ್ಟೆಲ್ಲ ಇದೆ.

ಹಾಗಾಗಿಯೇ ಇರಬೇಕು, ಮುಂದೆ ಅವರ ಕೆಲಸಗಳಲ್ಲಿ ವಸತಿ ಮತ್ತೆ ಮತ್ತೆ ಬರುತ್ತದೆ. ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ವಿದ್ಯಾರ್ಥಿಗಳಿಗೆ ವಸತಿಗೃಹ ತೆರೆದದ್ದು ನಮ್ಮ ಪಕ್ಕದ ಸೋಲಾಪುರದಲ್ಲೇ. ಪಂಢರಪುರದಲ್ಲಿ ದಲಿತ ಯಾತ್ರಿಕರಿಗೆ ಯಾವ ಧರ್ಮಶಾಲೆಯೂ ಇರಲಿಲ್ಲ. ಸಂತ ಗಾಡಗೆ ಮಹಾರಾಜರು ಅಲ್ಲಿ ಚೋಖಾಮೇಳಾ ಧರ್ಮಶಾಲೆ ಕಟ್ಟಿಸಿದರು, 1949ರಲ್ಲಿ ಅದನ್ನು ಅಂಬೇಡ್ಕರರಿಗೆ ಒಪ್ಪಿಸಿದರು. 1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯನ್ನು ಮಕ್ಕಳ ಮುಂದೆ ತೆರೆದಿಟ್ಟು ನೋಡಿ. ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ರಸ್ತೆ. ದೇಶದ ಅಷ್ಟು ದೊಡ್ಡ ಗ್ರಂಥದಲ್ಲಿ ಹೋಟೆಲಿಗೇನು ಕೆಲಸ ಅಂತ ಮೊದಲ ಸಲ ಓದಿದಾಗ ನನಗೂ ಅನ್ನಿಸಿತ್ತು. ಮಸೂರಿನ ಕತೆ ಓದಿದ ಮೇಲೆ ಅನ್ನಿಸಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಲ್ಲಿ ಧರ್ಮಶಾಲೆ, ಸರಾಯಿಗಳನ್ನೂ ಹೆಸರು ಹಿಡಿದು ಸೇರಿಸಿದರು.

ಗಾಡಗೆ ಮಹಾರಾಜರ ಹೆಸರು ಬಂದದ್ದರಿಂದ ಇನ್ನೊಂದು ವಿಷಯ. ಇವತ್ತು ನಮ್ಮ ತಾಲೂಕಿನಿಂದ ಮುಂಬೈಗೆ ಹೋಗುವವರೆಲ್ಲ ಸಮುದ್ರ ನೋಡಲು ಹೋಗುವುದಿಲ್ಲ. ಪರಳಿನಲ್ಲಿ 1941ರ ಫೆಬ್ರುವರಿ 28ರಂದು ತೆರೆದ ಟಾಟಾ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಔಷಧಿಗಿಂತ ಮೊದಲು ಎದುರಾಗುವ ಕಷ್ಟ ಇಳಕೊಳ್ಳುವುದು. ದಾದರಿನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ, ದೂರದ ಊರುಗಳಿಂದ ಬಂದ ಕ್ಯಾನ್ಸರ್ ರೋಗಿಗಳೂ ಅವರ ಕಡೆಯವರೂ ಅಲ್ಲಿರುತ್ತಾರೆ. ಜಾಗ ಸಿಗದವರು ಆಸ್ಪತ್ರೆಯ ಹತ್ತಿರದ ಫುಟ್‌ಪಾತಿನಲ್ಲೇ ಮಲಗುತ್ತಾರೆ. ಸರ್ಕಾರಿ ಕೆಲಸಕ್ಕೆ ಹೋದವರಿಗೆ ಆಮದಾರ ನಿವಾಸವಿದೆ, ಶಾಸಕರ ಖೋಲಿಯಲ್ಲಿ ಊರಿನ ಹತ್ತು ಜನ ನೆಲಕ್ಕೆ ಒರಗಿರುತ್ತಾರೆ. ಅದಕ್ಕೆ ಚೀಟಿ ಬೇಕು, ಚೀಟಿಗೆ ಪರಿಚಯ ಬೇಕು.

ಒಂದು ಸಲ ಎಲ್ಲ ತಿರುಗುಮುರುಗಾಯಿತು. 1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿ ಬಂದರಿನ ಓಣಿಗಳಲ್ಲಿ ಪ್ಲೇಗು ಕಂಡಾಗ ಜನ ಊರು ಬಿಟ್ಟು ಓಡಿದರು, ಸ್ಟೇಶನ್ ಸ್ಟೇಶನ್ನಿನಲ್ಲಿ ತಡೆದು ತಪಾಸಣೆ ಮಾಡಿದರು. ಆಗ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯೇ 2020ರಲ್ಲಿ ಮತ್ತೆ ಹೊರಗೆ ಬಂತು. ಆ ವರ್ಷದ ಮೇ ತಿಂಗಳಲ್ಲಿ ಮುಂಬೈ, ಪುಣೆಯಿಂದ ಮರಳಿದ ನಮ್ಮ ಊರವರನ್ನು ಹದಿನಾಲ್ಕು ದಿನ ಮನೆಗೆ ಬಿಡಲಿಲ್ಲ. ಎಲ್ಲಿ ಇಳಿಸಿದರು? ಶಾಲೆಯಲ್ಲಿ. ಕನ್ನಡ ವರ್ಣಮಾಲೆ ಬರೆದ ಗೋಡೆಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದರು. ಅವರಲ್ಲೊಬ್ಬ ಅದೇ ಖೋಲಿಯಲ್ಲಿ ಮೂರನೆಯ ಈಯತ್ತೆ ಕಲಿತವನು. ಕಿಟಕಿಯ ಆಚೆ ನಿಂತು ಮಾತಾಡಿಸಿದೆ. ‘ಸರ, ಆಗೂ ಹೊರಗ ಬಿಡ್ತಿದ್ದಿಲ್ಲ, ಈಗೂ ಬಿಡವಲ್ರಿ’ ಅಂತ ನಕ್ಕ. ಊರವರು ಕಂಪೌಂಡಿನ ಮೇಲೆ ಬುತ್ತಿ ಇಟ್ಟು ದೂರ ನಿಂತು ಕೂಗುತ್ತಿದ್ದರು. ಜಾತ್ರೆಗೆ ಬಂದವರನ್ನು ಪಡಸಾಲೆಗೆ ಕರೆಯುವ ಅದೇ ಜನ. ಭಯವಿತ್ತು, ಯಾರನ್ನೂ ದೂರುವುದಿಲ್ಲ. ಆದರೆ ಒಂಬತ್ತು ಹತ್ತು ದಿನ ನೀರನ್ನು ಎತ್ತರದಿಂದ ಸುರಿಸಿಕೊಂಡು ಕುಡಿಯುವುದು ಹೇಗಿರುತ್ತದೆ ಅಂತ ಆಗ ಊರಿನ ಕೆಲವರಿಗಾದರೂ ತಿಳಿದಿರಬೇಕು.

ಸಹಲಿನ ವಿಷಯ ಹೇಳಿ ಮುಗಿಸುತ್ತೇನೆ. ನಾನೂ ಇನ್ನೊಬ್ಬ ಶಿಕ್ಷಕಿಯೂ ಫೋನು ಹಚ್ಚಿ ಹಚ್ಚಿ ಕೇಳಿದೆವು. ದರ ಎಷ್ಟು, ಹುಡುಗಿಯರಿಗೆ ಬೇರೆ ಮಜ್ಜಿಗೆ ಸಿಗುತ್ತದೆಯೇ, ನೀರು ಎಷ್ಟು ಹೊತ್ತು ಬರುತ್ತದೆ, ರಾತ್ರಿ ಬಾಗಿಲಲ್ಲಿ ಯಾರಿರುತ್ತಾರೆ. (ಮಜ್ಜಿಗೆ ಕುಡಿಯುವುದಲ್ಲ, ಮಜಲೆ. ನಮ್ಮಲ್ಲಿ ಹೀಗೆ ಆಡಿ ನಗುತ್ತೇವೆ.) ಒಂದು ಕಡೆ ಮಕ್ಕಳ ಹೆಸರಿನ ಪಟ್ಟಿ ಮೊದಲೇ ಕಳಿಸಿ ಅಂದರು. ಸಾಮಾನ್ಯ ಕೇಳಿಕೆಯೇ ಇರಬಹುದು, ಬೇರೆ ಕಡೆಯೂ ಕೇಳುತ್ತಾರೆ. ಆದರೆ ಅವರು ಹೆಸರು ಸಾಕೆನ್ನದೆ ‘ಹುಡುಗರು ಯಾವ ಸಮಾಜದವರು?’ ಅಂತಲೂ ಕೇಳಿದರು. ‘ಕನ್ನಡ ಸಮಾಜದವರು’ ಅಂತ ಹೇಳಿ ಫೋನಿಟ್ಟೆ. ಅಲ್ಲಿಗೆ ಹೋಗಲಿಲ್ಲ. ಕೊನೆಗೆ ಸ್ಟೇಶನ್ನಿಗೆ ಹತ್ತಿರದ, ಎರಡು ರೂಪಾಯಿ ಹೆಚ್ಚಾದರೂ ಪ್ರಶ್ನೆ ಕಡಿಮೆ ಕೇಳಿದ ಒಂದು ಸಣ್ಣ ಲಾಡ್ಜು ಹಿಡಿದೆವು.

ನಸುಕಿನಲ್ಲಿ ಇಳಿದೆವು. ಕೌಂಟರಿನಲ್ಲಿ ದಪ್ಪ ರಿಜಿಸ್ಟರು. ಆ ತಾಯಿಯ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು, ನಾನೇನು ಬರೆಯುತ್ತೇನೆ ಅಂತ ನೋಡುತ್ತ. ಶಾಲೆಯ ಹೆಸರು, ಊರು, ಎಷ್ಟು ಜನ, ಯಾವ ಕೆಲಸಕ್ಕೆ ಬಂದದ್ದು. ಅಷ್ಟೇ ಕಾಲಮ್ಮುಗಳು. ‘ಯಾವ ಕೆಲಸಕ್ಕೆ’ ಎಂಬಲ್ಲಿ ಏನು ಬರೆಯಲಿ ಅಂದೆ. ‘ಸಮುದ್ರ ನೋಡಾಕ ಅಂತ ಬರೀರಿ ಸರ’ ಅಂದಳು. ಬರೆದೆ.

ಮ್ಯಾನೇಜರು ನಮ್ಮ ಮಾತು ಕೇಳಿ ತಲೆ ಎತ್ತಿದರು. ಕುಂದಾಪುರದ ಕಡೆಯವರು. ಮುಖ ಅರಳಿತು. ‘ಓ, ನಮ್ ಕಡೆಯವ್ರಾ! ಕರ್ನಾಟಕದಾಗೆ ಯಾವ ಜಿಲ್ಲೆ ಮರಿ?’ ಅಂತ ಹುಡುಗಿಯನ್ನೇ ಕೇಳಿದರು.

‘ಸಾಂಗಲಿ ಜಿಲ್ಲಾರಿ’ ಅಂದಳು ಅವಳು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ತಿರುಗಿ, ಮಕ್ಕಳಿಗೆಲ್ಲ ಚಹಾ ತರಲು ಹೇಳಿದರು.